ಹೊಸ ಅಧ್ಯಾಪಕರ ಮೊದಲ ತಿಂಗಳು ಮತ್ತು ಕೃತಕ ಬುದ್ಧಿಮತ್ತೆಯ ನೆರವು

ಶಾಲೆಗೆ ಹೊಸದಾಗಿ ನಿಯುಕ್ತರಾದ ಅಧ್ಯಾಪಕರಿಗೆ ಮೊದಲ ತಿಂಗಳಲ್ಲಿ ಹೆಚ್ಚು ತೊಡಕಾಗುವುದು ಪಾಠವಲ್ಲ. ಪಾಠ ಮಾಡುವ ಕ್ರಮವನ್ನು ಅವರು ತರಬೇತಿಯ ಕಾಲದಲ್ಲಿ ಅಷ್ಟಿಷ್ಟು ಕಲಿತು ಬಂದಿರುತ್ತಾರೆ. ಉಳಿದುದನ್ನು ಮಕ್ಕಳೇ ಕಲಿಸುತ್ತಾರೆ. ತೊಡಕಾಗುವುದು ಶಾಲೆಯ ಇನ್ನೊಂದು ಮುಖ. 'ಸಂಪೂರ್ಣ' ತಂತ್ರಾಂಶದಲ್ಲಿ ಮಗುವಿನ ವಿವರ ಸೇರಿಸುವ ಬಗೆ, 'ಸ್ಪಾರ್ಕ್'ನಲ್ಲಿ ರಜೆಯ ಅರ್ಜಿ ಸಲ್ಲಿಸುವ ಬಗೆ, ಮಧ್ಯಾಹ್ನದ ಊಟದ ಲೆಕ್ಕ, ಎಸ್.ಆರ್.ಜಿ. ಸಭೆಯ ವರದಿ, ರಕ್ಷಕ-ಶಿಕ್ಷಕ ಸಂಘದ ನಿರ್ಣಯ, ವಿದ್ಯಾರ್ಥಿವೇತನ ಪರೀಕ್ಷೆಗೆ ಮಕ್ಕಳ ನೋಂದಣಿ ಇವೆಲ್ಲವನ್ನೂ ಕ್ರಮವಾಗಿ ಹೇಳಿಕೊಡುವವರು ವಿರಳ. ಪಕ್ಕದ ಕುರ್ಚಿಯಲ್ಲಿ ಕುಳಿತ ಹಿರಿಯರನ್ನು ಕೇಳಿ ಕೇಳಿಯೇ ಅವನ್ನು ಕಲಿಯಬೇಕಾಗುತ್ತದೆ.

ಕಾಸರಗೋಡು, ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಕನ್ನಡ ವಿಭಾಗಗಳಲ್ಲಿ ಆ ಪಕ್ಕದ ಕುರ್ಚಿ ಖಾಲಿಯಿರುವುದುಂಟು. ಎರಡು ಮಾಧ್ಯಮಗಳಿರುವ ಶಾಲೆಯಲ್ಲಿ ಕನ್ನಡ ಅಧ್ಯಾಪಕರು ಒಬ್ಬರೋ ಇಬ್ಬರೋ ಇರುತ್ತಾರೆ. ಮೂವತ್ತು ವರ್ಷ ಸೇವೆ ಸಲ್ಲಿಸಿದವರು ನಿವೃತ್ತರಾದಾಗ ಅವರೊಡನೆ ಅವರ ತಿಳಿವಳಿಕೆಯೂ ಶಾಲೆಯ ಗೇಟು ದಾಟುತ್ತದೆ. ಇದರ ಪರಿಣಾಮ ಸಣ್ಣದಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಬಳಿಕ ಆರನೆಯ ಕಾರ್ಯದಿನದ ಮಕ್ಕಳ ಎಣಿಕೆಯ ಆಧಾರದಲ್ಲಿ ಆ ವರ್ಷದ ಹುದ್ದೆಗಳ ನಿರ್ಣಯವಾಗುತ್ತದೆ. ಮಕ್ಕಳು ತುಂಬಿರುವ ವಿಭಾಗದಲ್ಲಿ ಒಂದು ಹೆಸರು ತಡವಾಗಿ ಸೇರಿದರೆ ಹಾನಿಯಾಗದಿರಬಹುದು. ಸಂಖ್ಯೆ ಅಂಚಿನಲ್ಲಿರುವ ಕನ್ನಡ ವಿಭಾಗದಲ್ಲಿ ಒಂದೆರಡು ಹೆಸರುಗಳು ಬಿಟ್ಟುಹೋದರೆ ಒಂದು ಹುದ್ದೆಯೇ ಅಲುಗಾಡುತ್ತದೆ. ಹೊಸಬರಿಗೆ ಈ ದಿನದ ಮಹತ್ವವನ್ನು ಏಳನೆಯ ದಿನ ತಿಳಿಸಿ ಪ್ರಯೋಜನವಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕೆಲಸಕ್ಕೆ ಒಗ್ಗಿಸುವ ಈ ಕಾರ್ಯಕ್ಕೆ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸುವ ಪ್ರಯತ್ನ ಇತರ ಉದ್ಯೋಗಕ್ಷೇತ್ರಗಳಲ್ಲಿ ಈಗಾಗಲೇ ನಡೆದಿದೆ. ಅವುಗಳಲ್ಲಿ ಒಂದರ ಫಲಿತಾಂಶ ಶಾಲೆಗಳಿಗೂ ಪಾಠವಾಗಬಲ್ಲದು. ಎರಿಕ್ ಬ್ರಿನ್‌ಯೋಲ್ಫ್‌ಸನ್, ಡ್ಯಾನಿಯೆಲ್ ಲೀ, ಲಿಂಡ್ಸೆ ರೇಮಂಡ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ತಂತ್ರಾಂಶ ಕಂಪೆನಿಯೊಂದರ ಗ್ರಾಹಕ ಸೇವಾ ವಿಭಾಗದ 5,179 ನೌಕರರ ಕೆಲಸವನ್ನು ಅಧ್ಯಯನ ಮಾಡಿ 2023ರಲ್ಲಿ ವರದಿ ಪ್ರಕಟಿಸಿದರು. ಗ್ರಾಹಕರೊಡನೆ ಬರಹದ ಮೂಲಕ ಮಾತಾಡುವಾಗ ಏನು ಉತ್ತರಿಸಬಹುದೆಂದು ಯಂತ್ರವು ಆ ನೌಕರರಿಗೆ ಸೂಚಿಸುತ್ತಿತ್ತು. ಗಂಟೆಗೆ ಬಗೆಹರಿದ ದೂರುಗಳ ಪ್ರಮಾಣ ಸರಾಸರಿ ಶೇಕಡಾ 14ರಷ್ಟು ಹೆಚ್ಚಿತು. ಆದರೆ ಈ ಲಾಭ ಎಲ್ಲರಿಗೂ ಸಮನಾಗಿ ಹಂಚಿಹೋಗಲಿಲ್ಲ. ಹೊಸಬರಲ್ಲಿ ಅದು ಶೇಕಡಾ 34ರಷ್ಟಿತ್ತು. ಅನುಭವಿಗಳಲ್ಲಿ ಹೆಚ್ಚಳ ಇಲ್ಲವೆನ್ನುವಷ್ಟು ಕಡಿಮೆ. ಎರಡು ತಿಂಗಳ ಅನುಭವವುಳ್ಳವರು ಯಂತ್ರದ ನೆರವಿನಿಂದ ಆರು ತಿಂಗಳು ದುಡಿದವರ ಮಟ್ಟಕ್ಕೆ ಬಂದರು. ನುರಿತವರ ಉತ್ತರಗಳಲ್ಲಿದ್ದ ಜಾಣ್ಮೆಯನ್ನು ಯಂತ್ರವು ಹೆಕ್ಕಿ ಹೊಸಬರಿಗೆ ದಾಟಿಸಿತು ಎಂಬುದು ಅಧ್ಯಯನಕಾರರು ನೀಡಿದ ವಿವರಣೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಕಂಪೆನಿಯಲ್ಲಿ ನುರಿತವರ ಸಂಭಾಷಣೆಗಳೆಲ್ಲವೂ ಬರಹದಲ್ಲಿ ದಾಖಲಾಗಿದ್ದವು. ಕನ್ನಡ ಶಾಲೆಯ ಹಿರಿಯ ಅಧ್ಯಾಪಕರ ತಿಳಿವಳಿಕೆ ಎಲ್ಲಿಯೂ ದಾಖಲಾಗಿಲ್ಲ. ಯಂತ್ರಕ್ಕೆ ದಾಟಿಸಲು ಏನಾದರೂ ಇರಬೇಕಾದರೆ ಮೊದಲು ಅದು ಬರಹಕ್ಕೆ ಇಳಿಯಬೇಕು. ಸಾಧನವನ್ನು ಕಟ್ಟುವ ಕೆಲಸದ ಮುಕ್ಕಾಲು ಪಾಲು ಇದೇ.

ಸಾಧನದ ಸ್ವರೂಪ

ಚಾಟ್‌ಜಿಪಿಟಿ, ಜೆಮಿನಿ ಮೊದಲಾದವುಗಳ ಹಿಂದಿರುವುದು ಭಾಷಾ ಮಾದರಿ. ಅಪಾರ ಪ್ರಮಾಣದ ಬರಹಗಳನ್ನು ಓದಿಸಿ, ಒಂದು ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚೆಂದು ಊಹಿಸಲು ಅದನ್ನು ಪಳಗಿಸಲಾಗಿರುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದಾಗಲೂ ಅದು ಊಹಿಸುವುದನ್ನು ನಿಲ್ಲಿಸುವುದಿಲ್ಲ. ಇಲ್ಲದ ಸುತ್ತೋಲೆಗೆ ಇಲ್ಲದ ಸಂಖ್ಯೆಯನ್ನೂ ದಿನಾಂಕವನ್ನೂ ಕೊಟ್ಟು ಗಂಭೀರವಾಗಿ ಬರೆಯಬಲ್ಲದು.

ಗಡಿಭಾಗದ ಕನ್ನಡ ಅಧ್ಯಾಪಕರಿಗೆ ಇದರ ಜೊತೆಗೆ ವಿಶೇಷವಾದ ಇನ್ನೊಂದು ಅಪಾಯವಿದೆ. ಈ ಮಾದರಿಗಳು ಓದಿರುವ ಕನ್ನಡ ಬರಹದ ಬಹುಪಾಲು ಕರ್ನಾಟಕದ್ದು. ಆದ್ದರಿಂದ ಕನ್ನಡದಲ್ಲಿ ಪ್ರಶ್ನೆ ಕೇಳಿದೊಡನೆ, ಕೇಳಿದವರು ಕರ್ನಾಟಕದವರೆಂದು ಭಾವಿಸಿ ಉತ್ತರಿಸುವ ಪ್ರವೃತ್ತಿ ಅವಕ್ಕಿದೆ. ಉಪಜಿಲ್ಲಾ ವಿದ್ಯಾಧಿಕಾರಿಯ ಬದಲು ಕ್ಷೇತ್ರ ಶಿಕ್ಷಣಾಧಿಕಾರಿ, ರಕ್ಷಕ-ಶಿಕ್ಷಕ ಸಂಘದ ಬದಲು ಎಸ್.ಡಿ.ಎಂ.ಸಿ., 'ಸಂಪೂರ್ಣ'ದ ಬದಲು ಸ್ಯಾಟ್ಸ್ ಎಂಬ ಉತ್ತರ ಬಂದೀತು. ಕೇರಳದಲ್ಲಿ ಕಿರಿಯ ಪ್ರಾಥಮಿಕವೆಂದರೆ 1ರಿಂದ 4ನೆಯ ತರಗತಿ, ಕರ್ನಾಟಕದಲ್ಲಿ 1ರಿಂದ 5. ಐದನೆಯ ತರಗತಿಯ ಬಗ್ಗೆ ಕೇಳಿದ ಪ್ರಶ್ನೆಗೆ ಬರುವ ಉತ್ತರ ಈ ಒಂದು ವ್ಯತ್ಯಾಸದಿಂದಲೇ ದಾರಿ ತಪ್ಪಬಹುದು. ಕನ್ನಡ ಸೊಗಸಾಗಿದ್ದು ನಿಯಮ ಬೇರೆ ರಾಜ್ಯದ್ದಾಗಿರುವ ಉತ್ತರವನ್ನು ಹೊಸಬರು ಗುರುತಿಸಲಾರರು.

ಇದಕ್ಕೆ ಪರಿಹಾರವಾಗಿ ಬಳಕೆಯಲ್ಲಿರುವ ವಿಧಾನವು ಸರಳವಾದುದು. ಯಂತ್ರಕ್ಕೆ ತನ್ನ ನೆನಪಿನಿಂದ ಉತ್ತರಿಸಲು ಬಿಡದೆ, ಆಯ್ದ ಕಡತಗಳನ್ನು ಕೊಟ್ಟು, ಅವುಗಳಲ್ಲಿರುವುದನ್ನು ಮಾತ್ರ ಹೇಳಬೇಕೆಂದು ಕಟ್ಟುಪಾಡು ಹಾಕುವುದು. ಕಡತಗಳನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದು, ಪ್ರತಿ ಭಾಗದ ಅರ್ಥವನ್ನು ಸಂಖ್ಯೆಗಳ ಸರಣಿಯಾಗಿ ಪರಿವರ್ತಿಸಿ ಇಡಲಾಗುತ್ತದೆ. ಪ್ರಶ್ನೆ ಬಂದಾಗ ಅದರ ಅರ್ಥಕ್ಕೆ ಹತ್ತಿರವಾದ ಭಾಗಗಳನ್ನು ಹುಡುಕಿ ತೆಗೆದು ಭಾಷಾ ಮಾದರಿಯ ಮುಂದಿಡಲಾಗುತ್ತದೆ; ಅದು ಅವನ್ನು ನೋಡಿ ಉತ್ತರ ಬರೆದು, ಯಾವ ಕಡತದ ಯಾವ ಭಾಗವೆಂದು ಸೂಚಿಸುತ್ತದೆ. ಕಚೇರಿಯ ಅನುಭವಿ ಗುಮಾಸ್ತರು ಬಾಯಿ ತೆರೆಯುವ ಮೊದಲು ಕಡತ ತೆರೆಯುವ ಕ್ರಮವೇ ಇದು. ಶಾಲೆ, ಶಾಲೆಗೆ, ಶಾಲೆಯಲ್ಲಿ, ಶಾಲೆಗಳಿಂದಲೂ ಎಂದು ಪ್ರತ್ಯಯ ಹಚ್ಚಿ ಪದದ ರೂಪ ಬದಲಾಗುವ ಕನ್ನಡದಲ್ಲಿ ಅಕ್ಷರಕ್ಕೆ ಅಕ್ಷರ ಹೊಂದಿಸಿ ಹುಡುಕುವುದಕ್ಕಿಂತ ಅರ್ಥದಿಂದ ಹುಡುಕುವ ಈ ಕ್ರಮ ಹೆಚ್ಚು ಫಲಕಾರಿ.

ಇಂಥದನ್ನು ಕಟ್ಟಲು ಪ್ರೋಗ್ರಾಮಿಂಗ್ ಬಲ್ಲವರೇ ಬೇಕೆಂದಿಲ್ಲ. ಕಡತಗಳನ್ನು ಸೇರಿಸಿದರೆ ಅವುಗಳ ಆಧಾರದಲ್ಲಿಯೇ ಮೂಲಸೂಚನೆಯೊಡನೆ ಉತ್ತರಿಸುವ ಗೂಗಲ್‌ನ ನೋಟ್‌ಬುಕ್‌ಎಲ್‌ಎಂನಂಥ ಸಿದ್ಧ ಸಾಧನಗಳಿವೆ. ಕೈಟ್ ಸಂಸ್ಥೆಯು 2024ರಿಂದ ಅಧ್ಯಾಪಕರಿಗೆ ಕೃತಕ ಬುದ್ಧಿಮತ್ತೆಯ ತರಬೇತಿ ನೀಡುತ್ತ ಬಂದಿರುವುದರಿಂದ ಉಪಜಿಲ್ಲೆಯಲ್ಲಿ ಬಲ್ಲವರು ದೊರೆಯುತ್ತಾರೆ. ದೊರೆಯದಿರುವುದು ಕ್ರಮಬದ್ಧವಾದ ಕಡತ.

ಕಡತಗಳನ್ನು ಸಜ್ಜುಗೊಳಿಸುವುದು

ಶಾಲೆಯ ಕಂಪ್ಯೂಟರಿನಲ್ಲಿರುವ ಹಳೆಯ ಕನ್ನಡ ಕಡತಗಳಲ್ಲಿ ಹಲವು ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿರುತ್ತವೆ. ಪರದೆಯ ಮೇಲೆ ಅವು ಕನ್ನಡವಾಗಿ ಕಂಡರೂ ಯಂತ್ರದ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳ ಅರ್ಥಹೀನ ಗುಂಪು. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಸುತ್ತೋಲೆಗಳಲ್ಲಿ ಅನೇಕವು ಮುದ್ರೆ ಸಹಿಗಳೊಡನೆ ಸ್ಕ್ಯಾನ್ ಮಾಡಿದ ಚಿತ್ರಗಳು. ಚಿತ್ರದಿಂದ ಅಕ್ಷರವನ್ನು ಓದಿ ತೆಗೆಯಬೇಕು. ಶಾಲೆಗಳಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಉಚಿತವಾಗಿ ದೊರೆಯುವ ಟೆಸರಾಕ್ಟ್ ತಂತ್ರಾಂಶವು ಕನ್ನಡ, ಮಲಯಾಳ ಎರಡನ್ನೂ ಓದಬಲ್ಲದು. ಆದರೂ ಒತ್ತಕ್ಷರಗಳಲ್ಲಿಯೂ ಅಂಕಿಗಳಲ್ಲಿಯೂ ತಪ್ಪು ನುಸುಳುವುದರಿಂದ ದಿನಾಂಕ, ಮೊತ್ತ, ವಯೋಮಿತಿ ಇವಿಷ್ಟನ್ನಾದರೂ ಮನುಷ್ಯರ ಕಣ್ಣು ಒಮ್ಮೆ ಪರಿಶೀಲಿಸಬೇಕು.

ಇದಕ್ಕಿಂತ ಮುಖ್ಯವಾದುದು ಕಡತದ ಕಾಲ. ಹೊಸ ಸುತ್ತೋಲೆ ಬಂದಾಗ ಹಳೆಯದು ಯಂತ್ರದಿಂದ ತಾನಾಗಿ ಹೊರಗೆ ಹೋಗುವುದಿಲ್ಲ. ಎರಡೂ ಒಳಗಿದ್ದರೆ ಯಂತ್ರವು ಯಾವುದನ್ನೂ ಎತ್ತಿಕೊಳ್ಳಬಹುದು, ಎರಡನ್ನೂ ಬೆರೆಸಲೂಬಹುದು. ಪ್ರತಿ ಕಡತದ ತಲೆಯಲ್ಲಿ ಹೊರಡಿಸಿದ ದಿನಾಂಕ, ಹೊರಡಿಸಿದ ಕಚೇರಿ, ಯಾವುದನ್ನು ರದ್ದುಗೊಳಿಸಿದೆ ಎಂಬ ಮೂರು ಸಾಲುಗಳನ್ನು ಬರೆದಿಡಬೇಕು. ರದ್ದಾದುದನ್ನು ತೆಗೆದು ಬೇರೆಡೆ ಇರಿಸಬೇಕು. ಇನ್ನೂರು ಕಡತಗಳನ್ನು ಸುರಿದ ಸಾಧನಕ್ಕಿಂತ ನಂಬಲರ್ಹವಾದ ಇಪ್ಪತ್ತು ಕಡತಗಳ ಸಾಧನವೇ ಲೇಸು.

ಒಂದೇ ಪದ, ಬೇರೆ ಅರ್ಥ

ಸುತ್ತೋಲೆಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿರುವುದರಿಂದ ಸಾಧನವು ಅನುವಾದದ ಕೆಲಸವನ್ನೂ ಮಾಡಬೇಕಾಗುತ್ತದೆ. ಕನ್ನಡ ಮಲಯಾಳಗಳೆರಡೂ ಸಂಸ್ಕೃತದಿಂದ ಧಾರಾಳವಾಗಿ ಎರವಲು ಪಡೆದ ಭಾಷೆಗಳು. ಆದರೆ ಒಂದೇ ಪದವನ್ನು ಬೇರೆ ಬೇರೆ ಅರ್ಥಕ್ಕೆ ನೆಲೆಗೊಳಿಸಿಕೊಂಡಿವೆ. ಮಲಯಾಳದ 'ಅವಧಿ' ಎಂದರೆ ರಜೆ. ಕನ್ನಡದಲ್ಲಿ ಅದು ಕಾಲಮಿತಿ. 'ಅಪೇಕ್ಷ' ಅಲ್ಲಿ ಅರ್ಜಿ, ಇಲ್ಲಿ ಬಯಕೆ. 'ಆಕಸ್ಮಿಕ ಅವಧಿ' ಎಂಬ ತಲೆಬರಹವನ್ನು ಮಲಯಾಳ ಲಿಪಿ ಬಲ್ಲ, ಭಾಷೆ ಬಲ್ಲದ ಅಧ್ಯಾಪಕರು ಓದಿದರೆ ಅದು ಸಾಂದರ್ಭಿಕ ರಜೆಯೆಂದು ಅವರಿಗೆ ಹೊಳೆಯುವುದು ಕಷ್ಟ. ಮಲಯಾಳದ 'ಅನುವಾದಂ' ಅನುಮತಿ. ಕನ್ನಡದ ಅನುವಾದ ಭಾಷಾಂತರ. ಮೇಲಧಿಕಾರಿಯ 'ಅನುವಾದ' ಬೇಕೆಂದಾಗ ಭಾಷಾಂತರಕಾರರನ್ನು ಹುಡುಕಲು ಹೊರಡಬಾರದು. 'ರಾಜಿ' ಎಂದರೆ ಅಲ್ಲಿ ರಾಜೀನಾಮೆ, ಇಲ್ಲಿ ಹೊಂದಾಣಿಕೆ. ಇವೆರಡರ ನಡುವಣ ಅಂತರವನ್ನು ವಿವರಿಸಬೇಕಾಗಿಲ್ಲ.

ಕಲೋತ್ಸವದ ಪಟ್ಟಿಯಲ್ಲಿಯೂ ಈ ಗೊಂದಲ ತಪ್ಪಿದ್ದಲ್ಲ. ಮಲಯಾಳದ 'ಉಪನ್ಯಾಸಂ' ಪ್ರಬಂಧ. ಕನ್ನಡದಲ್ಲಿ ಉಪನ್ಯಾಸವೆಂದರೆ ಭಾಷಣ. ಮಲಯಾಳದಲ್ಲಿ ಭಾಷಣಕ್ಕೆ 'ಪ್ರಸಂಗಂ' ಎನ್ನುತ್ತಾರೆ. ಯಕ್ಷಗಾನದ ನಾಡಾದ ಕಾಸರಗೋಡಿನ ಕನ್ನಡ ಮಗುವಿಗೆ ಪ್ರಸಂಗವೆಂದರೆ ಏನೆಂಬುದು ಎಲ್ಲರಿಗೂ ಗೊತ್ತು. ಪ್ರಬಂಧಕ್ಕೆ ಸಿದ್ಧವಾದ ಮಗುವನ್ನು ಭಾಷಣಕ್ಕೆ ಹೆಸರು ಬರೆಸುವ ಪ್ರಮಾದ ಹೀಗೆಯೇ ಸಂಭವಿಸೀತು. ಈ ಸಮಸ್ಯೆ ಕೇರಳದ ಗಡಿಗೆ ಸೀಮಿತವೂ ಅಲ್ಲ. ಆದೋನಿ, ರಾಯದುರ್ಗಗಳ ಕಡೆಯ ಕನ್ನಡ ಅಧ್ಯಾಪಕರಿಗೆ ತೆಲುಗಿನ 'ಅವಸರಂ' ಎಂದರೆ ಆತುರವಲ್ಲ, ಅಗತ್ಯ ಎಂಬುದು ತಿಳಿದಿರಲೇಬೇಕು.

ಉದ್ದವಾದ ವಾಕ್ಯದಲ್ಲಿ ಸುತ್ತಣ ಪದಗಳ ನೆರವಿನಿಂದ ಯಂತ್ರವು ಇಂಥ ಪದಗಳ ಸರಿಯಾದ ಅರ್ಥವನ್ನು ಸಾಮಾನ್ಯವಾಗಿ ಹಿಡಿಯುತ್ತದೆ. ತಲೆಬರಹ, ಕೋಷ್ಟಕದ ಕಾಲಂ, ನಮೂನೆಯ ಬಿಡಿಪದ ಇವುಗಳಲ್ಲಿ ಆ ನೆರವಿಲ್ಲದೆ ಎಡವುವ ಸಂಭವ ಹೆಚ್ಚು. ಅಧ್ಯಾಪಕರು ದಿನವೂ ತುಂಬಬೇಕಾದ ನಮೂನೆಗಳೆಲ್ಲ ಬಿಡಿಪದಗಳ ರಾಶಿಯೇ ಆಗಿರುವುದು ಇಲ್ಲಿನ ಕಷ್ಟ. ಎಂಬತ್ತು, ನೂರು ಪದಗಳ ಪದಕೋಶವೊಂದನ್ನು ಹಿರಿಯ ಅಧ್ಯಾಪಕರು ಕುಳಿತು ಸಿದ್ಧಪಡಿಸಿ ಸಾಧನದೊಳಗೆ ಇರಿಸಿ, ಅನುವಾದಿಸುವಾಗ ಅದನ್ನೇ ಅನುಸರಿಸಬೇಕೆಂದು ಸೂಚಿಸುವುದು ಅಗತ್ಯ. ಜೊತೆಗೆ, ಉತ್ತರ ಕನ್ನಡದಲ್ಲಿದ್ದರೂ ಅದಕ್ಕೆ ಆಧಾರವಾದ ಮಲಯಾಳ ವಾಕ್ಯವು ಕೆಳಗೆ ಹಾಗೆಯೇ ಕಾಣುವಂತಿರಬೇಕು. ಅನುವಾದ ತಪ್ಪಿದ್ದರೆ ಬಲ್ಲವರು ಹಿಡಿಯುತ್ತಾರೆ. ಬಲ್ಲದವರು ಕೆಲವು ತಿಂಗಳುಗಳಲ್ಲಿ ಕಚೇರಿಯ ಮಲಯಾಳವನ್ನು ಓದಿಯೇ ಕಲಿಯುತ್ತಾರೆ.

ಹಿರಿಯರ ತಿಳಿವಳಿಕೆಯನ್ನು ಬರಹಕ್ಕಿಳಿಸುವುದು

ಸುತ್ತೋಲೆಯಲ್ಲಿ ಇರದ ಸಂಗತಿಗಳೇ ಶಾಲೆಯಲ್ಲಿ ಹೆಚ್ಚು. ಮನೆಯಲ್ಲಿ ತುಳುವನ್ನೋ ಮರಾಠಿಯನ್ನೋ ಬ್ಯಾರಿಯನ್ನೋ ಆಡುವ ಮಗು ಒಂದನೆಯ ತರಗತಿಗೆ ಬಂದು ಎರಡು ವಾರ ಬಾಯಿ ಬಿಡದಿದ್ದರೆ ಏನು ಮಾಡಬೇಕು? ಮಗುವನ್ನು ಮಲಯಾಳ ವಿಭಾಗಕ್ಕೆ ಸೇರಿಸಲೋ ಕನ್ನಡಕ್ಕೋ ಎಂದು ತಡಬಡಿಸುವ ತಂದೆಗೆ ಏನೆಂದು ಉತ್ತರಿಸಬೇಕು? ಕರ್ನಾಟಕದ ಶಾಲೆಯಿಂದ ಬಂದ ಮಗುವಿನ ವರ್ಗಾವಣೆ ಪತ್ರವನ್ನು ದಾಖಲಿಸುವಾಗ ಯಾವ ಯಾವ ಕಡೆ ಸಿಕ್ಕುಬೀಳುತ್ತದೆ? ಇವಕ್ಕೆ ಹಿರಿಯರಲ್ಲಿ ಉತ್ತರವಿದೆ, ಆದರೆ 'ನಿಮ್ಮ ಅನುಭವವನ್ನು ಬರೆದುಕೊಡಿ' ಎಂದರೆ ಅವರು ಬರೆಯುವುದು ಸನ್ಮಾನ ಸಮಾರಂಭದ ಭಾಷಣವನ್ನು. ಪ್ರಶ್ನೆಗಳು ಹೊಸಬರಿಂದ ಬರಬೇಕು. ಕಳೆದ ಒಂದೆರಡು ವರ್ಷಗಳಲ್ಲಿ ಸೇವೆಗೆ ಸೇರಿದವರು ಮೊದಲ ತಿಂಗಳಲ್ಲಿ ತಮ್ಮನ್ನು ಕಾಡಿದ ಪ್ರಶ್ನೆಗಳನ್ನು ಪಟ್ಟಿ ಮಾಡಿ, ಹಿರಿಯರೊಬ್ಬರ ಎದುರು ಕುಳಿತು ಒಂದೊಂದಾಗಿ ಕೇಳಿ, ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬಳಿಕ ಬರಹಕ್ಕೆ ಇಳಿಸಬಹುದು. ಧ್ವನಿಯನ್ನು ಅಕ್ಷರಕ್ಕೆ ತರುವ ಯಂತ್ರಗಳು ಕಾಸರಗೋಡಿನ ಕನ್ನಡದ ಉಚ್ಚಾರವನ್ನೂ ನಡುವೆ ಬರುವ ತುಳು ಮಲಯಾಳ ಪದಗಳನ್ನೂ ಕೇಳಿ ತೊದಲುವುದರಿಂದ ತಿದ್ದುವ ಕೆಲಸ ಇದ್ದೇ ಇದೆ. ನಿವೃತ್ತಿಗೆ ಒಂದು ವರ್ಷ ಉಳಿದಿರುವವರಿಂದ ಈ ಕಾರ್ಯವನ್ನು ಆರಂಭಿಸುವುದು ಯುಕ್ತ.

ಹೀಗೆ ದೊರೆತ ಉತ್ತರವನ್ನು ಸುತ್ತೋಲೆಯ ಸಾಲಿನಲ್ಲಿ ಇರಿಸಬಾರದು. 'ಇದು ನಿಯಮ', 'ಇದು ಹಿರಿಯರ ಅನುಭವ' ಎಂದು ಸಾಧನವು ಬೇರೆಬೇರೆಯಾಗಿ ತೋರಿಸುವಂತಿರಬೇಕು. ನಿಯಮವನ್ನು ಮೀರುವಂತಿಲ್ಲ, ಅನುಭವವನ್ನು ಸಂದರ್ಭ ನೋಡಿ ಬಳಸಬೇಕು.

ಪರೀಕ್ಷಿಸಿದ ಬಳಿಕವೇ ಬಳಕೆ

ಮಕ್ಕಳಿಗೆ ಪರೀಕ್ಷೆ ನಡೆಸುವವರಿಗೆ ಯಂತ್ರವನ್ನು ಪರೀಕ್ಷಿಸುವುದು ಹೊಸ ವಿದ್ಯೆಯೇನಲ್ಲ. ಐವತ್ತು ಪ್ರಶ್ನೆಗಳನ್ನು ಆಯ್ದು, ಸರಿಯುತ್ತರವನ್ನು ಮುಖ್ಯೋಪಾಧ್ಯಾಯರಿಬ್ಬರು ಮೊದಲೇ ಒಪ್ಪಿ ಬರೆದಿಟ್ಟು, ಯಂತ್ರದ ಉತ್ತರದೊಡನೆ ತಾಳೆ ನೋಡಬೇಕು. ಈ ಐವತ್ತರಲ್ಲಿ ಹತ್ತು ಪ್ರಶ್ನೆಗಳಿಗಾದರೂ ಕಡತಗಳಲ್ಲಿ ಉತ್ತರವೇ ಇರಬಾರದು. ಅವುಗಳಿಗೆ 'ಈ ವಿಷಯ ಕಡತಗಳಲ್ಲಿಲ್ಲ, ಕಚೇರಿಯಲ್ಲಿ ವಿಚಾರಿಸಿ' ಎಂದು ಹೇಳುವ ಸಾಧನ ಉತ್ತೀರ್ಣ. ಏನನ್ನಾದರೂ ಹೆಣೆದು ಹೇಳುವುದು ಅನುತ್ತೀರ್ಣ. ಅಂಕ ಹಾಕುವಾಗ ಸರಿ, ತಪ್ಪು ಎಂಬ ಎರಡೇ ವರ್ಗಗಳು ಸಾಲವು. 'ತಿಳಿಯದು' ಎಂದುದನ್ನು ಬೇರೆಯಾಗಿ ಎಣಿಸಬೇಕು, ಏಕೆಂದರೆ ತಿಳಿಯದು ಎಂಬ ಉತ್ತರದಿಂದ ಯಾರಿಗೂ ಹಾನಿಯಿಲ್ಲ, ವಿಶ್ವಾಸದಿಂದ ಹೇಳಿದ ತಪ್ಪು ಉತ್ತರದಿಂದ ಒಬ್ಬರ ವೇತನವೋ ಮಗುವಿನ ವಿದ್ಯಾರ್ಥಿವೇತನವೋ ನಿಂತುಹೋಗಬಹುದು. ಪ್ರತಿ ವರ್ಷ ಮೇ ತಿಂಗಳಲ್ಲಿ, ಹೊಸ ಸುತ್ತೋಲೆಗಳನ್ನು ಸೇರಿಸಿದ ಬಳಿಕ, ಇದೇ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು.

ಉತ್ತರ ಹೇಳುವುದಲ್ಲದೆ ಪ್ರಶ್ನೆ ಕೇಳಲೂ ಸಾಧನವನ್ನು ಬಳಸಬಹುದು. 'ಐದನೆಯ ಕಾರ್ಯದಿನ ಸಂಜೆ ಮಗುವೊಂದು ಹೊಸದಾಗಿ ಸೇರಲು ಬಂದಿದೆ, ಆಧಾರ್ ಕಾರ್ಡಿನಲ್ಲಿ ಹೆಸರಿನ ಕಾಗುಣಿತ ಬೇರೆಯಿದೆ, ಏನು ಮಾಡುವಿರಿ?' ಎಂಬಂಥ ಸನ್ನಿವೇಶವನ್ನು ಒಡ್ಡಿ, ಹೊಸಬರು ಬರೆದ ಉತ್ತರವನ್ನು ಕಡತದೊಡನೆ ಹೋಲಿಸಿ ತೋರಿಸುವಂತೆ ಮಾಡಬಹುದು. ಕೇಳಿ ತಿಳಿದುದಕ್ಕಿಂತ ಉತ್ತರಿಸಲು ಹೆಣಗಿದುದು ನೆನಪಿನಲ್ಲಿ ಉಳಿಯುತ್ತದೆ ಎಂಬುದು ತರಗತಿಯಲ್ಲಿ ದಿನವೂ ಕಾಣುವ ಸಂಗತಿ.

ಸಾಧನದೊಳಗೆ ಸೇರಿಸಬಾರದ ಸಂಗತಿಗಳ ಬಗ್ಗೆ ಎಚ್ಚರ ಬೇಕು. ಮಗುವಿನ ಹೆಸರು, ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರ, ಅಂಗವಿಕಲತೆಯ ವಿವರ, ಮನೆಯ ಆರ್ಥಿಕ ಸ್ಥಿತಿ ಯಾವುದೂ ಅಲ್ಲಿಗೆ ಹೋಗಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷಕ್ಕಿಂತ ಕೆಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿದೆ. ಸನ್ನಿವೇಶವನ್ನು ವಿವರಿಸುವಾಗ 'ನಾಲ್ಕನೆಯ ತರಗತಿಯ ಒಂದು ಮಗು' ಎಂದರೆ ಸಾಕು.

ಸಾಧನವು ಚೆನ್ನಾಗಿ ನಡೆದರೆ ಬರಬಹುದಾದ ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು: 'ಯಂತ್ರವೇ ಅನುವಾದಿಸುವಾಗ ಕನ್ನಡದಲ್ಲಿ ಸುತ್ತೋಲೆ ಏಕೆ?' ಎಂಬ ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ನೀಡಿ, ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದು ವಿಧಿಸಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸುವ ಹೊಣೆಯನ್ನು ಸಂವಿಧಾನದ 350ಎ ವಿಧಿಯು ರಾಜ್ಯದ ಮೇಲಿರಿಸಿದೆ. ಯಂತ್ರದ ಅನುವಾದಕ್ಕೆ ಅಧಿಕಾರಿಯ ಸಹಿಯಿಲ್ಲ. ಅದರಲ್ಲಿ ತಪ್ಪಿದ್ದರೆ ಹೊಣೆ ಹೊರುವವರೂ ಇಲ್ಲ. ಆದ್ದರಿಂದ ಅದನ್ನು ಓದಿಗೆ ನೆರವಾಗಿ ಬಳಸಬೇಕೇ ಹೊರತು ಅಧಿಕೃತ ಕನ್ನಡ ಪ್ರತಿಯನ್ನು ಕೇಳುವುದನ್ನು ನಿಲ್ಲಿಸಬಾರದು. ಯಾವ ಯಾವ ಸುತ್ತೋಲೆಗಳನ್ನು ಯಂತ್ರದಿಂದ ಅನುವಾದಿಸಿಕೊಳ್ಳಬೇಕಾಯಿತು ಎಂಬ ಪಟ್ಟಿಯನ್ನು ಇಟ್ಟುಕೊಂಡರೆ, ಕನ್ನಡ ಪ್ರತಿಗಾಗಿ ಬರೆಯುವ ಮನವಿಗೆ ಅದೇ ಆಧಾರವಾಗುತ್ತದೆ.

ಇದರೊಡನೆ ಇನ್ನೊಂದು ಪಟ್ಟಿಯೂ ಬೇಕು. ಸಾಧನವು 'ಕಡತಗಳಲ್ಲಿಲ್ಲ' ಎಂದು ಕೈಚೆಲ್ಲಿದ ಪ್ರಶ್ನೆಗಳನ್ನು ಆಯಾ ಶಾಲೆಯವರು ಬರೆದಿಟ್ಟು ಮುಂದಿನ ಕ್ಲಸ್ಟರ್ ಸಭೆಗೆ ತರಬೇಕು. ಅಲ್ಲಿ ಹಿರಿಯರು ಉತ್ತರ ಹೇಳಿದುದನ್ನು ಅಂದೇ ಬರೆದು ಕಡತಕ್ಕೆ ಸೇರಿಸಬೇಕು. ಹಿರಿಯರಿಗೂ ತಿಳಿಯದೆ ಉಳಿದುದು ಬಿ.ಆರ್.ಸಿ.ಗೆ ಅಥವಾ ಮಾಯಿಪ್ಪಾಡಿಯ ಡಯಟ್‌ಗೆ ಹೋಗಬೇಕು.